ಬರೆ

ಆಫೀಸರಿಗೆ ಮೂರು ದಿನದಲ್ಲಿ ನಾಲ್ಕು ಕನ್ನಡ ಬಂದಿತ್ತು:
ನೀರು, ಸಾಕು, ಎಷ್ಟು, ಬರೆ.
ಗುಡ್ಡೆ ಕಡಿದು ನಿಲ್ಲಿಸಿದ ಕೆಂಪು ಗೋಡೆಯ ಮುಂದೆ ನಿಂತು
ಇದಕ್ಕೇನು ಹೆಸರು ಅಂದರು ಮಲಯಾಳದಲ್ಲಿ.
ಬರೆ, ಅಂದೆ.
ಪೆನ್ನು ತೆಗೆದು, ಏನು ಬರೆಯಲಿ, ಅಂತ ಕಾದರು.

ಏನಂತ ಹೇಳಲಿ. ಗುಡ್ಡೆಯನ್ನು ನೆಟ್ಟಗೆ ಕಡಿದರೆ ಬರೆ,
ಬರೆಯ ಕೆಳಗೆ ಮನೆ, ಮನೆಯ ಕೆಳಗೆ ಇನ್ನೊಂದು ಬರೆ,
ಅದರ ಕೆಳಗೆ ಇನ್ನೊಬ್ಬರ ಮನೆ. ಬಾಯಾರಿನಿಂದ ಇತ್ತ
ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೇವೆ ನಾವು.
ಆಟಿಯಲ್ಲಿ ಯಾರಾದರೂ ಜರಿಯಿತಂತೆ ಅಂದರೆ
ಏನು ಅಂತ ಕೇಳುವುದಿಲ್ಲ, ಎಲ್ಲಿ ಅಂತ ಮಾತ್ರ.

ನಾನು ವಿಲ್ಲೇಜು ಆಫೀಸಿನ ಫೀಲ್ಡ್ ಅಸಿಸ್ಟೆಂಟು.
ಕೆಲಸ: ಕೊಡೆ ಹಿಡಿಯುವುದು, ಭಾಷೆ ದಾಟಿಸುವುದು,
ಟೇಪಿನ ಇನ್ನೊಂದು ತುದಿ.
ನಕ್ಷೆಯಲ್ಲಿ ಹಸಿರಿದ್ದರೆ ಕಟ್ಟಬಹುದು,
ಹಳದಿಯಾದರೆ ಕೇಳಿ ಕಟ್ಟಬಹುದು, ಕೆಂಪಾದರೆ
ಕೇಳುವುದೂ ಬೇಡ.

ಅವ್ವಮ್ಮನ ಮನೆಯ ನಡುವೆಯೇ ಗೆರೆ ಹಾದಿತ್ತು.
ಅಡುಗೆಕೋಣೆ ಕೆಂಪು, ಜಗಲಿ ಹಳದಿ.
"ಹಾಗಾದರೆ ಇನ್ನು ಜಗಲಿಯಲ್ಲೇ ಪತ್ತಿರಿ ಸುಡ್ತೇನೆ,"
ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.
ಹಿಂದಿನ ಜಾಗೆಯಲ್ಲಿ ಹೊಸ ಮನೆಗೆ ಪಂಚಾಂಗ ಎದ್ದಿತ್ತು,
ಪಂಚಾಯತಿನ ಮೊದಲ ಕಂತು, ಬರೆಗೆ ಬೆನ್ನು ತಾಗಿಸಿ.
ಹನ್ನೊಂದು ಚೀಲ ಸಿಮೆಂಟು
ತಾರ್ಪಾಲಿನಡಿ ಆಗಲೇ ಕಲ್ಲಾಗುತ್ತಿತ್ತು.
ಆಫೀಸರು ಗೆರೆ ನೋಡಿದರು, ಚೀಲ ನೋಡಿದರು,
ಕನ್ನಡಕ ಒರೆಸಿದರು.

ಆಗ ಬಂದದ್ದು ಮಾಂಕು ಮೂಲ್ಯ.
ನಲವತ್ತು ವರ್ಷ ಸುರಂಗ ಕೊರೆದವನು, ಗುಡ್ಡೆಯನ್ನು
ಹೊರಗಿನಿಂದ ಸರಿಯಾಗಿ ಗುರುತು ಹಿಡಿಯಲಾರ.
ನಕ್ಷೆ ತಿರುಗಿಸಿ ಹಿಡಿದ. ಇದು ಮೇಲಿನಿಂದ ನೋಡಿದ್ದಾ?
ಹೌದು, ಉಪಗ್ರಹದಿಂದ.
"ಹಾಗಾದರೆ ಒಳಗೆ ಯಾರು ಹೋದದ್ದು?"

ಅವನು ಹೇಳುತ್ತ ಹೋದ, ನಾನು ದಾಟಿಸುತ್ತ ಹೋದೆ:
ಮೇಲೆ ಮುರಕಲ್ಲು, ಅದು ನಂಬಿಗಸ್ತ. ಅದರಡಿ ಶೇಡಿಮಣ್ಣು,
ಬೇಸಗೆಯಲ್ಲಿ ಬೆಣ್ಣೆ, ಮಳೆಗೆ ತುಪ್ಪ.
ತನ್ನ ಕೈಯ ಒಂಬತ್ತು ಸುರಂಗ ಈ ಗುಡ್ಡೆಯಲ್ಲಿ,
ಬೋರ್‌ವೆಲ್ ಬಂದ ಮೇಲೆ ಬಿಟ್ಟದ್ದು ಆರು.
ಬಾಯಿ ಮುಚ್ಚಿದೆ, ಹೊಟ್ಟೆ ಮುಚ್ಚಿಲ್ಲ.
ಉಳಿದ ಮೂರರಲ್ಲಿ ಒಂದಕ್ಕೆ ಹೋದ ವಾರದಿಂದ
ಚಹಾದ ಬಣ್ಣದ ನೀರು.
"ಒಳಗೆ ಕರಗ್ತಾ ಉಂಟು, ಮಾರಾಯರೇ. ನಿಮ್ಮ ಕೆಂಪು
ಇನ್ನೂ ಆಚೆ ಹೋಗಬೇಕು, ಆ ಗೇರುಗಿಡದವರೆಗೆ."

ಹಳೆಯ ದಾಖಲೆಯಲ್ಲಿ ಈ ಜಾಗೆಗೆ ಜರಿಮೂಲೆ ಅಂತಲೇ ಹೆಸರು.
ಸೈಟು ಮಾಡಿ ಮಾರಿದವರು ಬೋರ್ಡು ನೆಟ್ಟಿದ್ದರು:
ಹಿಲ್ ವ್ಯೂ ಗಾರ್ಡನ್.
ಹೆಸರು ಬದಲಾದದ್ದನ್ನು ಗುಡ್ಡೆಗೆ ಯಾರೂ ತಿಳಿಸಿರಲಿಲ್ಲ.

ಆ ಗೇರುಗಿಡ ನನ್ನದು.
ಸುತ್ತಲಿನ ಎಂಟು ಸೆಂಟು, ಮೂಲೆಯ ನಾಲ್ಕು ಗಡಿಕಲ್ಲು,
ಸೊಸೈಟಿಯಲ್ಲಿ ಇನ್ನೂ ಮುಗಿಯದ ಕಂತು, ಎಲ್ಲ.

ಮಾಂಕುವಿನ ತುಳು ಆಫೀಸರಿಗೆ ತಿಳಿಯದು.
ಆಫೀಸರ ಮಲಯಾಳ, ಆ ತೆಂಕಣ ಓಟದ್ದು,
ಮಾಂಕುವಿಗೆ ಅಷ್ಟಕ್ಕಷ್ಟೆ.
ನಡುವೆ ನಾನೊಬ್ಬ. ಒಂದು ಶಬ್ದ ನುಂಗಿದರೆ ಸಾಕಿತ್ತು,
ನುಂಗುವಷ್ಟು ಹೊತ್ತೂ ಇತ್ತು:
ಕೊಡೆಯ ಹನಿ ಅಂಗಿಯ ಕಾಲರಿನೊಳಗೆ ಇಳಿಯುತ್ತಿತ್ತು,
ಅವ್ವಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಏನಂದ ಅವನು? ಅಂದರು ಆಫೀಸರು.
ಹೇಳಿದೆ.
ಅವರು ನಕ್ಷೆಯನ್ನು ನನ್ನ ಕೈಗೇ ಕೊಟ್ಟು,
ಕಲಿತ ಕನ್ನಡದಲ್ಲಿ ಅಂದರು: ಬರೆ.

ಒದ್ದೆ ಕಾಗದ. ಶಾಯಿ ಹಿಡಿಯಲಿಲ್ಲ.
ಎರಡನೇ ಸಲ ಒತ್ತಿ ಎಳೆದೆ.