ಹುರುಪೆ

ಪಾಂಡೇಶ್ವರದ ಮೂರನೇ ಮಹಡಿ. ರಾತ್ರಿ ಹನ್ನೊಂದು.
ಚೀಟಿ ಫಂಡಿನ ಗುಮಾಸ್ತ ಲ್ಯಾನ್ಸಿ ಪಿರೇರಾನ ಲ್ಯಾಪ್‌ಟಾಪು
ಹೊಟ್ಟೆ ಬಿಚ್ಚಿ ಮಲಗಿದೆ ಮೇಜಿನ ಮೇಲೆ.

ಹಿಸ್ಟರಿ ಕೇಳಿದರೆ ‘ಇಜ್ಜಿ’ ಅನ್ನುತ್ತದೆ.
ಕುಕೀ? ಇಜ್ಜಿ.
ಖಾಸಗಿ ಕಿಟಕಿಯಲ್ಲಿ ಏನಿತ್ತು?
ಇಜ್ಜಿ ಮಾರಾಯ್ರೆ, ಇಜ್ಜಿ.

ಬೂತಾಯಿ ಕೊಯ್ದ ಕೈಗೆ ಹುಣಸೆ ಉಜ್ಜಿ
ಎಷ್ಟು ತೊಳೆದರೂ
ಉಗುರಿನ ಸಂದಿಯಲ್ಲೊಂದು ಹುರುಪೆ ಉಳಿಯುತ್ತದೆ.
ಮೆಮೊರಿ ತುಂಬಿ ಡಿಸ್ಕಿಗೆ ಚೆಲ್ಲಿದ್ದರಲ್ಲಿ ಸಿಕ್ಕಿತು,
ನಡುರಾತ್ರಿ ಎರಡು ಹದಿನಾಲ್ಕರದು:
‘ಅಮ್ಮನಿಗೆ ಹೇಗೆ ತಿಳಿಸಲಿ’

ಹಣದ ಸುದ್ದಿ ಎಲ್ಲೂ ಇಲ್ಲ.
ಇದನ್ನೂ ಬರೆದೆ, ಪುಟ ಹದಿನೇಳು.
ಬರೆಯಲೇಬೇಕಲ್ಲ.

ಬಿಜೈಗೆ ಬಂದು, ಚಪ್ಪಲಿ ಕಳಚುವ ಮೊದಲೇ,
ಎಲ್ಲ ಗೊತ್ತಿರುವ ನಾನು
ಅದೇ ಕಪ್ಪು ಕಿಟಕಿ ತೆರೆದು
ಒಂದು ಹೆಸರು ಹುಡುಕಿದೆ.
ಮುಚ್ಚಿದೆ.
ಕೈ ತೊಳೆದು, ಮೂಸಿ ನೋಡಿದೆ.