ಬೆಂಬಲವಿಲ್ಲದ ಬ್ರೌಸರು

ರಾತ್ರಿ ಹತ್ತೂಕಾಲು, ಝುವಾರಿನಗರ.
ಗೊಬ್ಬರದ ಕಾರ್ಖಾನೆಯ ಘಾಟು
ಶಟರಿನ ಸಂದಿಯಿಂದ ಒಳಗೆ ಬಂದು
ಟೋನರಿನ ವಾಸನೆಯ ಪಕ್ಕ ಕೂತಿದೆ.
ಇಬ್ಬರಿಗೂ ಹಳೇ ಪರಿಚಯ.

ಪರದೆಯ ಮೇಲೆ ಅದೇ ಒಂದು ಸಾಲು:
ಈ ಬ್ರೌಸರಿಗೆ ನಮ್ಮ ಬೆಂಬಲವಿಲ್ಲ.

ಮೂರು ಯಂತ್ರಕ್ಕೆಂದು ಹಣ ಕೊಟ್ಟು ತಂದ ಆಂಟಿವೈರಸ್ಸು,
ರಸೀದಿ ಇದೆ, ಮೊಳೆಗೆ ಚುಚ್ಚಿಟ್ಟಿದ್ದೇನೆ.
ದೊಡ್ಡ ಬ್ರೌಸರಿನಲ್ಲಾದರೆ ಅದರ ಪ್ಲಗಿನ್ನು
ಲಿಂಕು ಲಿಂಕಿಗೂ ಹಸಿರು ಟಿಕ್ಕು ಹಾಕುತ್ತ
ಮದುವೆ ಮನೆಯ ಸೋದರಮಾವನ ಹಾಗೆ ಓಡಾಡುತ್ತದೆ.
ಆದರೆ ದೊಡ್ಡದನ್ನು ತೆರೆದರೆ
ಎರಡು ಜಿಬಿಯ ಈ ಮುದಿ ಯಂತ್ರಕ್ಕೆ ಏದುಸಿರು;
ಒಂದು ಅರ್ಜಿ ಮೂಡುವಷ್ಟರಲ್ಲಿ
ದಾಬೋಳಿಯಲ್ಲಿ ಎರಡು ವಿಮಾನ ಇಳಿದಿರುತ್ತವೆ.
ಅದಕ್ಕೇ ಈ ಸಣ್ಣದು. ಯಾರೋ ನಾಲ್ಕು ಜನ
ಬಿಡುವಿನಲ್ಲಿ ಕಟ್ಟಿದ್ದು. ಹಗುರ. ಮಾತು ಕಡಿಮೆ.

ಸಹಾಯವಾಣಿಯವನು ಹಿಂದಿಯಲ್ಲಿ ಜೇನು ಸುರಿಸಿದ:
ಬೇರೆ ಬ್ರೌಸರ್ ಬಳಸಿ ಮೇಡಂ.
ಇದೇ ಬೇರೆಯದಪ್ಪಾ, ಅಂದೆ.
ಅವನಿಗೆ ಅರ್ಥವಾಗಲಿಲ್ಲ.
ಐದರಲ್ಲಿ ತನಗೆಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದ.

ಬಿಟ್ಟುಬಿಡಬಹುದಿತ್ತು. ಆದರೆ ಶ್ರಾವಣದಲ್ಲಿ
ಇದೇ ಸ್ಟೂಲಿನ ಮೇಲೆ ಕೂತು ದ್ಯಾಮವ್ವ ಗುಡಗೇರಿ,
ಬ್ಯಾಂಕಿನದೇ ನೀಲಿ, ಬ್ಯಾಂಕಿನದೇ ಮುದ್ರೆ ಇದ್ದ ಪುಟದಲ್ಲಿ
ಓಟಿಪಿ ಓದಿ ಹೇಳಿದಳು, ನಾನು ಒತ್ತಿದೆ.
ಒತ್ತಿದ್ದು ನನ್ನ ಬೆರಳು.
ಹನ್ನೊಂದು ಸಾವಿರದ ನಾನೂರು.
ಸೆಂಟ್ರಿಂಗ್ ಹಲಗೆ ಹೊತ್ತು ಹೊತ್ತು
ಹೆಗಲಿನಿಂದ ಇಳಿಸಿಟ್ಟ ದುಡ್ಡು.
“ಇರ್ಲಿ ಬಿಡ್ರಿ ಅಕ್ಕಾರ, ನಿಮಗೇನ ಗೊತ್ತಿತ್ತು” ಅಂದಳು.
ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದೂವರೆಗೆ ತಿಳಿಯಿತು:
ಪ್ಲಗಿನ್ನು ಒಂಟಿಯಾಗಿ ಏನೂ ಮಾಡದು.
ಯಂತ್ರದೊಳಗೆ ಕೂತ ತನ್ನ ಯಜಮಾನನನ್ನು ಕೇಳಬೇಕು,
ಕೇಳಲು ದಾರಿ ಬೇಕು, ಆ ದಾರಿಯ ಚೀಟಿಯನ್ನು
ರಿಜಿಸ್ಟ್ರಿ ಎಂಬ ಓಣಿಯಲ್ಲಿ
ದೊಡ್ಡವರ ಬಾಗಿಲಿಗೆ ಮಾತ್ರ ಅಂಟಿಸಿದ್ದಾರೆ.
ಇದಕ್ಕೂ ಮನೆಯಿದೆ, ಬಾಗಿಲಿದೆ.
ಚೀಟಿಯಿಲ್ಲ.

ಇಷ್ಟೇನಾ?

ನನ್ನ ಕಸುಬೇ ಇದು. ಹದಿನಾಲ್ಕು ವರ್ಷದಿಂದ
ಮೂಲ ಪ್ರತಿಯ ಮುಖ ಕೆಳಗೆ ಮಾಡಿ ಗಾಜಿನ ಮೇಲೆ ಮಲಗಿಸಿ
ಒಂದಕ್ಕೆ ಎರಡು ರೂಪಾಯಿ, ಎರಡೂ ಮಗ್ಗುಲಿಗೆ ಮೂರು.
ಆ ಒಂದು ಸಾಲನ್ನು ಹಾಗೇ ಎತ್ತಿಕೊಂಡೆ
(ಮೊದಲು ಇಡೀ ಓಣಿಯನ್ನೇ ಪೆನ್‌ಡ್ರೈವಿಗೆ ತೆಗೆದಿಟ್ಟು;
ನಾನೀಗ ಹೆದರುವವಳು),
ಸಣ್ಣದರ ಹೆಸರಿನ ಕೆಳಗೆ ಅಂಟಿಸಿದೆ.
ಮುಚ್ಚಿದೆ. ತೆರೆದೆ.
ಮೂಲೆಯ ಪುಟ್ಟ ಗುರಾಣಿ
ಒಂದು ಉಸಿರಿನಷ್ಟು ಹೊತ್ತು ಬೂದಿಯಾಗಿಯೇ ಇದ್ದು
ಹಸಿರಾಯಿತು.

ಹೇಳಿಕೊಳ್ಳಲು ಯಾರೂ ಇರಲಿಲ್ಲ.
ಟ್ಯೂಬ್‌ಲೈಟಿನ ಹಲ್ಲಿಗೆ ಹೇಳಿದೆ.

ಬೆಳಿಗ್ಗೆ ಪೊದೇರನ ಸೈಕಲ್ಲಿನ ಹಾರ್ನಿಗೂ ಮೊದಲೇ ಸರತಿ.
ಮುಂದೆ ಕಾಶೀಂಬಿ ನದಾಫ್, ನಿವಾಸಿ ಪತ್ರಕ್ಕೆ;
ಪ್ಲಾಸ್ಟಿಕ್ ಚೀಲದಲ್ಲಿ ಹತ್ತೊಂಬತ್ತು ವರ್ಷದ ಕರೆಂಟ್ ಬಿಲ್ಲು,
ಒಂದರ ಮೇಲೂ ಅವಳ ಹೆಸರಿಲ್ಲ.
ಕಚೇರಿಯ ಪುಟ ತೆರೆದೆ. ಗುರಾಣಿ ಕೆಂಪಾಯಿತು:
ಅಪಾಯ. ಪ್ರಮಾಣಪತ್ರದ ಅವಧಿ ಮುಗಿದಿದೆ.

“ಯಾರದವ್ವಾ? ನಂದೇನು?”
“ಇಲ್ಲಬೇ, ಅವರದ್ದ.”
ಕಾಶೀಂಬಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು,
ಹಿಂದಿನವರಿಗೂ ಕೇಳುವಂತೆ:
“ಹಂಗಾರ ಅವರೂ ಬಂದು ಪಾಳಿ ಹಚ್ಚಲಿ.”

ಕೆಳಗೆ ಇರುವೆಯಂಥ ಅಕ್ಷರದಲ್ಲಿ
ಆದರೂ ಮುಂದುವರಿಯಿರಿ ಎಂದಿದೆ.
ಇದೇ ಬೆರಳು. ಮೌಸಿನ ಮೇಲೆ
ಇನ್ನೂ ಒತ್ತದೆ ಕೂತಿದೆ.
ಸರತಿಯ ಕೊನೆಗೆ ದ್ಯಾಮವ್ವ,
ಪೇಪರಿನಲ್ಲಿ ಸುತ್ತಿದ ಎರಡು ಬಿಸಿ ಪೊಯಿ ಹಿಡಿದು,
ಅವಸರವಿಲ್ಲ ಎಂಬಂತೆ
ನನ್ನನ್ನೇ ನೋಡುತ್ತಿದ್ದಾಳೆ.