ಉದಾಹರಣೆ ಸಹಿತ ವಿವರಿಸಿ

ಇಂಟರ್ನಲ್ ಟೆಸ್ಟಿನ ಕಟ್ಟು. ನಲವತ್ತೊಂದು ಸಲ ಓದಿದ್ದೆ
ಒಂದೇ ಉತ್ತರ: ನೋಡುವವರು ಹೆಚ್ಚಿದಷ್ಟೂ
ನೆರವಿಗೆ ಬರುವವರು ಕಡಿಮೆ; ಹೊಣೆ ಹಂಚಿಹೋಗುತ್ತದೆ,
ಮದುವೆಮನೆಯ ಚಿರೋಟಿಯ ಹಾಗೆ,
ಕೊನೆಯ ಎಲೆಗೆ ಬರೀ ಪುಡಿ.
(ಹೋಲಿಕೆ ನನ್ನದು. ಹುಡುಗರು ಗೈಡನ್ನೇ ಇಳಿಸಿದ್ದರು.)

ನವರಂಗ್ ಸ್ಟಾಪು, ಸಂಜೆ ಆರೂವರೆ.
ಕಲ್ಲುಬೆಂಚಿನಿಂದ ಜಾರಿ ಕೂತಿದ್ದ
ಒಬ್ಬ ಸೆಕ್ಯೂರಿಟಿ ಗಾರ್ಡು,
ಕತ್ತು ಒಂದು ಕಡೆ, ಟೋಪಿ ಒಂದು ಕಡೆ.
ನಾವು ಹನ್ನೊಂದು ಜನ.
ನಾನು ಅವರ ಮುಖ ನೋಡಿದೆ, ಅವರು ನನ್ನದು;
ಯಾರಲ್ಲೂ ಗಾಬರಿಯಿಲ್ಲ, ಅಂದಮೇಲೆ
ಗಾಬರಿಪಡುವಂಥದ್ದೇನೂ ಇಲ್ಲ.
“ಹಾಕ್ಕೊಂಡಿದಾನೆ” ಎಂದರು ಯಾರೋ.
ಹನ್ನೊಂದೂ ಎದೆ ಹಗುರ, ಆ ಒಂದೇ ಮಾತಿಗೆ.
ಬಸ್ಸು ಬಂತೇ ಎಂದು ಬಗ್ಗಿ ನೋಡಿದೆವು.

ಹೂ ಮೊಳ ಹಾಕುತ್ತಿದ್ದ ಮಾರಕ್ಕ
ಕನಕಾಂಬರದ ಬುಟ್ಟಿ ಸರಿಸಿ ನೇರ ಬೆರಳು ನೆಟ್ಟಳು:
“ರೀ, ಚೌಕಳಿ ಶರ್ಟು! ಹೆಗಲಿಗೆ ಚೀಲ!
ನಿಮ್ಗೇ ಯೋಳ್ತಿರೋದು. ಬನ್ನಿ, ತಲೆ ಇಡ್ಕಳಿ.”

ಹಿಡಿದೆ. ಬೆವರಿ ತಣ್ಣಗಿತ್ತು ತಲೆ. ಹೆಂಡದ ವಾಸನೆಯಿಲ್ಲ.
ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಚೀಟಿ,
ಹೆಸರು ಲಿಂಗಾಜಪ್ಪ.
ಆಮೇಲೆ ನೋಡಿ, ಎಲ್ಲಿದ್ದವೋ ಅಷ್ಟು ಕೈ!
ಒಂದು ಆಟೋ ನಿಲ್ಲಿಸಿತು,
ಇನ್ನೊಂದು, ಅವನು ಕಣ್ಣು ಬಿಟ್ಟ ಮೇಲೆ,
ಬೇಕರಿಯಿಂದ ಬಾದಾಮಿ ಹಾಲು ತಂದಿತು,
ಹಾಕ್ಕೊಂಡಿದಾನೆ ಎಂದವರೇ
ಟೋಪಿಯ ದೂಳು ಕೊಡವಿ ಅವನ ಮಡಿಲಿಗಿಟ್ಟರು.

ರಾತ್ರಿ ಚೀಲ ಬಿಚ್ಚಿದೆ. ಹದಿನೇಳನೆಯ ಹಾಳೆಯಲ್ಲಿ
ನನ್ನದೇ ಕೆಂಪಕ್ಷರ:
ಉದಾಹರಣೆ ಇಲ್ಲ. ಎರಡು ಅಂಕ ಕಡಿತ.